ಮೊರಬದ ಕೆರೆಯ ಗೋಡು ತೊಳೆದದ್ದು

ಸೇಡಿಗೆಂದೇ ನಾನು ಆ ಬೇಸಿಗೆಯಲ್ಲಿ ಕೆರೆಯ ಮಣ್ಣು ತೊಳೆದೆ. ವಿಜ್ಞಾನಕ್ಕಾಗಿ ತೊಳೆದೆ ಎಂದು ಬರೆದರೆ ಓದುವವರಿಗೆ ಚಂದ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ. ನಾಲ್ಕು ಜನರ ಮುಂದೆ ನಮ್ಮ ಸಾಹೇಬರ ಮುಖಕ್ಕೆ ಮಸಿ ಬಳಿಯಬೇಕು ಎಂಬ ಒಂದೇ ಆಸೆಯಿತ್ತು. ಆ ಆಸೆಯನ್ನು ಈಡೇರಿಸಿಕೊಂಡೆ. ಹೇಗೆ ಎಂಬುದನ್ನು ಹೇಳುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಸಾಲಾಗಿ ಎರಡು ಮಳೆಗಾಲ ಕೈಕೊಟ್ಟಿದ್ದವು. ಅಣ್ಣಿಗೇರಿಯಲ್ಲಿ ಹಳೆಯ ಹತ್ತಿ ಗೋದಾಮೊಂದನ್ನು ಹಿಡಿದು ಅದನ್ನೇ ನಮ್ಮ ಯೋಜನೆಯ ಪ್ರಯೋಗಾಲಯ ಮಾಡಿದ್ದರು. ತೊಲೆಗಳ ಸಂದಿಯಿಂದ ಆಗಾಗ ಹತ್ತಿಯ ಎಳೆಗಳು ಉದುರುತ್ತಿದ್ದವು. ಹತ್ತಿಯೂ ಇಂಗಾಲವೇ. ಒಂದು ಎಳೆ ಫ್ಲಾಸ್ಕಿನೊಳಗೆ ಬಿದ್ದರೂ ಅಳತೆ ಕೆಡುತ್ತಿತ್ತು, ಅದಕ್ಕೆ ಪ್ರತಿ ಫ್ಲಾಸ್ಕಿನ ಬಾಯಿಗೂ ನಾನು ಗಾಜಿನ ಬಿಲ್ಲೆ ಮುಚ್ಚುತ್ತಿದ್ದೆ. ಅಲ್ಲಿದ್ದವರು ಮೂರೇ ಜನ: ಸಾಹೇಬರು, ನಾನು, ಮತ್ತು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಜವಾನ. ನಾನು ಗುಡಗೇರಿಯವಳು, ಕುರಿ ಕಾಯುವವರ ಮಗಳು. ರಸಾಯನಶಾಸ್ತ್ರ ಓದಿ, ವರ್ಷಕ್ಕೊಮ್ಮೆ ಮುಂದುವರಿಸುವ ಹಂಗಾಮಿ ನೌಕರಿಗೆ ಸೇರಿದ್ದೆ.

ಕೆಲಸ ಇಷ್ಟು. ಕೆರೆಯ ತಳದ ಮಣ್ಣಿನಲ್ಲಿ ಎಲೆ, ಕಡ್ಡಿ, ಪಾಚಿ, ಸೆಗಣಿ ಎಲ್ಲ ಸೇರಿ ಇಂಗಾಲ ಕೂಡಿರುತ್ತದೆ. ಮಳೆ ಹೆಚ್ಚಿರುವ ಕಡೆ ಅದು ಎಷ್ಟು ಉಳಿಯುತ್ತದೆ, ಬರದಲ್ಲಿ ಕೆರೆ ಬತ್ತಿದರೆ ಏನಾಗುತ್ತದೆ ಎಂದು ನೋಡಬೇಕಿತ್ತು. ಅದಕ್ಕೆ ಮೂರು ಕೆರೆ ಆರಿಸಿದ್ದರು. ಮಲೆನಾಡಿನ ಅಂಚಿಗಿರುವ ಕಲಘಟಗಿ ಕಡೆಯ ತಂಬೂರ, ನಡುವೆ ನಮ್ಮ ಗುಡಗೇರಿ, ಒಣ ಸೀಮೆಯ ಮೊರಬ. ಬರದಲ್ಲಿ ಕರಿಮಣ್ಣಿನ ಕೆರೆ ಬತ್ತಿದರೂ ಇಂಗಾಲವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ ಎಂದು ಸಾಹೇಬರು ಮೊದಲೇ ಎಲ್ಲೋ ಒಂದು ಸಭೆಯಲ್ಲಿ ಹೇಳಿಬಂದಿದ್ದರು. ಈಗ ಅದಕ್ಕೆ ಪುರಾವೆ ಬೇಕಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ.

ತಂಬೂರದ ಕೆರೆಯಲ್ಲಿ ಆ ವರ್ಷವೂ ಸೊಂಟಮಟ್ಟ ನೀರಿತ್ತು. ಅಂಚಿನ ಕೆಸರಿನ ಮೇಲೆ ಹಲಗೆ ಹಾಸಿ, ಅದರ ಮೇಲೆ ಮೊಣಕಾಲೂರಿ, ಎರಡು ಮೊಳದ ಪ್ಲಾಸ್ಟಿಕ್ ಕೊಳವೆಯನ್ನು ಕೊಡತಿಯಿಂದ ಬಡಿದು ಇಳಿಸಬೇಕು. ಇಳಿದ ಮೇಲೆ ಮೇಲಿನ ಬಾಯಿಗೆ ಬಿರಡೆ ಬಿಗಿದು ಮೆಲ್ಲಗೆ ಎಳೆಯಬೇಕು, ಬಿರಡೆ ಸಡಿಲಾದರೆ ಮಣ್ಣೆಲ್ಲ ಜಾರಿ ಮತ್ತೆ ಕೆರೆಗೇ. ಹೊರಬಂದ ಮಣ್ಣಿನ ಉದ್ದ ಕಂಬವನ್ನು ನಾಲ್ಕು ಬೆರಳಿಗೊಂದರಂತೆ ಬಿದಿರಿನ ಚೂರಿಯಿಂದ ಕೊಯ್ದು, ಪಾಲಿಥೀನ್ ಚೀಲಕ್ಕೆ ಹಾಕಿ, ಸೀಸದಕಡ್ಡಿಯಲ್ಲಿ ಚೀಟಿ ಬರೆದು ಕಟ್ಟುತ್ತಿದ್ದೆವು. ಶಾಯಿಯಲ್ಲಿ ಬರೆದರೆ ಒದ್ದೆಗೆ ಹರಡುತ್ತದೆ. ತಂಬೂರದ ಮಣ್ಣು ಕೊಳೆತ ತತ್ತಿಯಂತೆ ನಾರುತ್ತಿತ್ತು. ಎರಡು ಗೇಣು ಕೆಳಗೂ ಎಲೆಯ ನರಗಳು ಹಾಗೇ ಇದ್ದವು. ನೀರಿನಡಿಯಲ್ಲಿ ಗಾಳಿ ಸಿಗದು, ಗಾಳಿಯಿಲ್ಲದೆ ಎಲೆ ಪೂರ್ತಿ ಕೊಳೆಯದು, ಇಂಗಾಲ ಅಲ್ಲೇ ಉಳಿಯುತ್ತದೆ. ಬಸ್ಸಿನಲ್ಲಿ ಮೂರು ಗೋಣಿಚೀಲ ಏರಿಸುವಾಗ ಕಂಡಕ್ಟರ್ ಮೂಗು ಮುಚ್ಚಿಕೊಂಡ.

"ಇದೇನ್ರಿ ಬಾಯಾರ, ಮಂದಿ ಮಲ್ಲಿಗಿ ಒಯ್ತಾರ, ನೀವು ಕೆಸರ ಒಯ್ಯಾಕ ಹತ್ತೀರಲ್ಲ?"

"ನಿಮ್ಮ ಬಸ್ಸಿನ ವಾಸನೀಗೆ ಇದೇ ಅತ್ತರ ರೀ," ಎಂದೆ. ಮುಂದೆ ಕಲಘಟಗಿ ಬರುವವರೆಗೆ ಅವನು ನನ್ನ ಕಡೆ ನೋಡಲಿಲ್ಲ.

ಮೊರಬದಲ್ಲಿ ಕಥೆಯೇ ಬೇರೆ. ಅಲ್ಲಿ ನಾವು ಆರಿಸಿದ್ದು ಕುಡಿಯುವ ನೀರಿನ ಕೆರೆಯಲ್ಲ, ಊರ ಕೆಳಗಿನ ದನಗಳ ಕೆರೆ. ಕಾಲುವೆ ನೀರು ಹಾಯುವ ಹೊಲಗಳ ಬಸಿನೀರೆಲ್ಲ ಅದಕ್ಕೇ ಇಳಿಯುತ್ತಿತ್ತು. ನಾವು ಹೋದಾಗ ಒಂದು ಹನಿ ನೀರಿರಲಿಲ್ಲ. ತಳವೆಲ್ಲ ಬಾಯಿಬಿಟ್ಟಿತ್ತು. ಒಂದೊಂದು ಬಿರುಕಿನಲ್ಲಿ ನನ್ನ ತೋಳು ಭುಜದವರೆಗೆ ಇಳಿಯುತ್ತಿತ್ತು. ಕೊಳವೆ ಬಡಿದರೆ ಕೊಳವೆಯೇ ಸೀಳಿತು. ಎರಡನೆಯದೂ ಸೀಳಿತು. ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ ದಂಡೆಯ ಮೇಲಿಂದ ಒಬ್ಬ ಹಿರಿಯರು ಕೂಗಿದರು.

"ಮೊದಲ ಚಪ್ಪಲಿ ತಗೀವಾ ತಂಗಿ. ಬತ್ತಿದ್ರೂ ಕೆರಿ ಕೆರಿನ."

ಚಪ್ಪಲಿ ಬಿಟ್ಟೆ. ಅವರು ಇಳಿದು ಬಂದರು. ಕೆರೆಗೆ ಹತ್ತಿಕೊಂಡೇ ಅವರ ನಾಲ್ಕು ಎಕರೆ ಎರೆಹೊಲವಿತ್ತು. ಆ ಊರಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮನೆಯಿಂದ ಹಾರೆ ತರಿಸಿ, ಬಾವಿ ತೋಡುವವರ ಹಾಗೆ ಚೌಕ ಗುಂಡಿ ತೋಡಿ, ಗೋಡೆಯನ್ನು ನುಣ್ಣಗೆ ಕೆತ್ತಿಕೊಟ್ಟರು. ಆ ಗೋಡೆಯಿಂದಲೇ ನಾಲ್ಕು ಬೆರಳಿಗೊಂದರಂತೆ ಮಣ್ಣು ತೆಗೆದುಕೊಂಡೆ. ಕೊಳವೆಗಿಂತ ಅದೇ ಚೊಕ್ಕ ಕೆಲಸವಾಯಿತು. ಮಧ್ಯಾಹ್ನ ಅವರ ಮನೆಯಲ್ಲೇ ರೊಟ್ಟಿ, ಕೆಂಪುಖಾರದ ಹಿಂಡಿ, ಮೊಸರು. ಉಣ್ಣದೆ ಹೋದರೆ ಹಾರೆ ತಿರುಗಿ ಕೊಡುವುದಿಲ್ಲ ಎಂದು ಹೆದರಿಸಿದರು.

ಉಣ್ಣುತ್ತ ಕೂತಾಗ ತಮ್ಮ ಮಾತು ತೆಗೆದರು. ಆ ಸೀಮೆಯಲ್ಲಿ ಕೆರೆ ಬತ್ತಿದ ವರ್ಷ ತಳದ ಗೋಡುಮಣ್ಣನ್ನು ಚಕ್ಕಡಿಯಲ್ಲಿ ಹೇರಿ ಹೊಲಕ್ಕೆ ಹರಡುತ್ತಾರೆ. ಗೊಬ್ಬರಕ್ಕಿಂತ ಮೇಲು ಎಂಬ ನಂಬಿಕೆ. ಎಷ್ಟೋ ಕೆರೆಗಳಲ್ಲಿ ಅದು ನಿಜವೂ ಹೌದು.

"ಈ ಕೆರಿ ಬತ್ತಿದ್ದು ನಾ ಕಂಡಂಗ ಇದ ಮೊದಲ. ಗೋಡ ಹಾಕಬೇಕಂತ ಮಾಡೇನಿ," ಎಂದರು. "ಆದ್ರ ಕಾಲುವಿ ಬಂದ ಮ್ಯಾಲ ಅಲ್ಲಲ್ಲೆ ಉಪ್ಪಿನ ಸವಳ ಎದ್ದೈತಿ. ಮ್ಯಾಲಿನ ಬಿಳಿ ಪದರ ಹೆರದ ಒಗದ್ರ ಕೆಳಗಿಂದು ಚಲೋ ಇರತೈತಿ ಅಂತಾರ ಮಂದಿ. ನೋಡ ಇಲ್ಲೆ."

ಗುಂಡಿಯ ಒಳಗಿನಿಂದ ಎತ್ತಿಕೊಂಡು ಬಂದಿದ್ದ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ಚಪ್ಪರಿಸಿದರು. ಮಣ್ಣನ್ನು ನಾಲಿಗೆಯಿಂದ ನೋಡುವುದು ಅಲ್ಲಿಯವರ ರೂಢಿ.

"ಒಂಚೂರ ಉಪ್ಪ ಹತ್ತಿದಂಗ ಆಗತೈತಿ. ಆದ್ರ ನಲವತ್ತ ವರ್ಷ ತಂಬಾಕ ತಿಂದ ನಾಲಿಗಿ ಇದು. ಇದರ ಮಾತ ಏನ ನಂಬೂದು? ನಿಮ್ಮ ಮಷೀನ ಏನ ಹೇಳತೈತಿ ಅದನ್ನ ಹೇಳ."

"ಹೇಳತೀನ್ರಿ ಕಾಕಾ," ಎಂದೆ.

ಗೋದಾಮಿಗೆ ಬಂದು ಮಣ್ಣನ್ನು ನೆರಳಲ್ಲಿ ಒಣಗಿಸಿ, ಮರದ ಒನಕೆಯಿಂದ ಕುಟ್ಟಿ, ಜರಡಿ ಹಿಡಿದೆವು. ನಂತರ ಡೈಕ್ರೋಮೇಟ್ ಪರೀಕ್ಷೆ. ಚಿಟಿಕೆ ಮಣ್ಣಿಗೆ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ, ಅದರ ಮೇಲೆ ಗಂಧಕಾಮ್ಲ. ಫ್ಲಾಸ್ಕು ಕುದಿಯುವಷ್ಟು ಬಿಸಿಯಾಗುತ್ತದೆ. ಮಣ್ಣಿನ ಇಂಗಾಲ ಡೈಕ್ರೋಮೇಟನ್ನು ತಿನ್ನುತ್ತದೆ. ಉಳಿದದ್ದೆಷ್ಟು ಎಂದು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಇನ್ನೊಂದು ದ್ರಾವಣ ಬಿಟ್ಟು ಅಳೆಯಬೇಕು. ಬೆರೆಸಿದ ಸೂಚಕದ ನೀಲಿ ಹೋಗಿ ಒಮ್ಮೆಲೇ ಹಸಿರಾದ ಹನಿಗೆ ಕೈ ನಿಲ್ಲಬೇಕು. ತಿಂದದ್ದು ಹೆಚ್ಚಾದರೆ ಇಂಗಾಲ ಹೆಚ್ಚು ಎಂದು ಲೆಕ್ಕ.

ತಂಬೂರ, ಗುಡಗೇರಿಗಳ ಮಣ್ಣು ಸದ್ದಿಲ್ಲದೆ ಮುಗಿಯಿತು. ಮೊರಬದ ಮಣ್ಣಿಗೆ ಆಮ್ಲ ಬಿಟ್ಟ ಕೂಡಲೇ ಫ್ಲಾಸ್ಕಿನ ಕತ್ತಿನಲ್ಲಿ ಕಂದುಗೆಂಪು ಹೊಗೆ ಎದ್ದಿತು. ಗಂಟಲು ಕೊರೆಯುವ ವಾಸನೆ. ಜವಾನ ಬಾಗಿಲ ಕಡೆ ಓಡಿದ. ನಾನು ಸಾಹೇಬರನ್ನು ಕರೆದು ತೋರಿಸಿದೆ.

"ಹೊಗಿ ಬರ್ತದ ಅಂದ್ರ ಕಾರ್ಬನ್ ಭರಪೂರ ಅದ ಅಂತ," ಎಂದರು ಸಾಹೇಬರು, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ. "ನೀವು ರೀಡಿಂಗ್ ತಗೋರಿ. ಹೊಗಿ ನೋಡ್ಲಿಕ್ಕೆ ನಿಮಗ ಪಗಾರ ಇಲ್ಲ."

ರೀಡಿಂಗ್ ತೆಗೆದುಕೊಂಡೆ. ಮೊರಬದ ಮೇಲುಮಣ್ಣಿನ ಇಂಗಾಲ ತಂಬೂರಕ್ಕಿಂತ ಹೆಚ್ಚು ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಸಾಹೇಬರು ಕುರ್ಚಿಯಿಂದ ಎದ್ದು ಚಹಾ ತರಿಸಿದರು. ನನಗೂ ಒಳಗೊಳಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮರುವಾರ ಇನ್ನಷ್ಟು ಮಣ್ಣಿಗೆಂದು ಮೊರಬಕ್ಕೆ ಹೋದಾಗ ಕಾಕಾಗೆ ನಾನೇ ಹೇಳಿದೆ.

"ಅಗದಿ ಚಲೋ ಐತ್ರಿ ಕಾಕಾ. ಹಾಕ್ರಿ."

"ನಾಲಿಗಿ ಸುಳ್ಳ ಹೇಳ್ತ ಹಂಗಾರ," ಎಂದು ನಕ್ಕರು. "ಯುಗಾದಿ ಆಗಿ ಎಂಟ ದಿನಕ್ಕ ಚಕ್ಕಡಿ ಹೂಡತೀನಿ. ಅಷ್ಟರಾಗ ಏನರ ಬದಲಿದ್ರ ಒಂದ ಕಾರ್ಡ ಒಗಿ. ಉಳಿದಾವ್ರೆಲ್ಲ ನಿಮ್ಮ ಸಾಹೇಬ್ರ ಬಂದ ಸಭಾ ಮಾಡಿ ಹೇಳ್ಲಿ, ಆಮ್ಯಾಲ ನೋಡೂಣು ಅಂತಾರ. ನನಗ ನಿನ್ನ ಮಾತ ಸಾಕು."

ಕಾರ್ಡು ಹಾಕುತ್ತೇನೆ ಎಂದು ಒಪ್ಪಿಕೊಂಡು ಬಂದೆ.

ಇನ್ನು ಸಾಹೇಬರ ವಿಷಯ. ವರದಿ ಟೈಪಾಗಿ ಬಂತು. ಬರದಲ್ಲಿ ಬತ್ತಿದ ಕರಿಮಣ್ಣಿನ ಕೆರೆ ಇಂಗಾಲದ ಭಂಡಾರ, ಅದರ ಗೋಡನ್ನು ರೈತರು ಹೊಲಕ್ಕೆ ಹಾಕಬೇಕು ಎಂಬ ಶಿಫಾರಸು. ಮೊದಲ ಪುಟದಲ್ಲಿ ಸಾಹೇಬರ ಹೆಸರು ಒಂದೇ ಇತ್ತು. ಒಳಗೆ ಹುಡುಕಿದೆ. ನೆರವಾದವರು ಎಂದು ಕಡೆಯ ಪುಟದಲ್ಲಿಯೂ ನಾನಿರಲಿಲ್ಲ. ಹನಿ ಎಣಿಸಿದ ಕೈ ನನ್ನದು, ಗುಂಡಿಗಿಳಿದ ಕಾಲು ನನ್ನದು, ಹೊಗೆ ಕುಡಿದ ಗಂಟಲು ನನ್ನದು. ಹೋಗಿ ಕೇಳಿದೆ. ಅವತ್ತು ಮೇಲಿನ ಕಚೇರಿಯಿಂದ ಇಬ್ಬರು ಬಂದು ಕೂತಿದ್ದರು.

"ಬ್ಯೂರೆಟ್ ಹಿಡಿದಾವ್ರದ್ದೆಲ್ಲ ಹೆಸರು ಹಾಕ್ಕೋತ ಹೋದ್ರ, ನೀರ ತಂದ ಜವಾನಂದೂ ಹಾಕಬೇಕಾಗ್ತದ," ಎಂದರು ಸಾಹೇಬರು. ಬಂದವರು ನಕ್ಕರು. ಅದಕ್ಕೆ ಸಾಹೇಬರಿಗೆ ಹುರುಪು ಬಂತು. "ಎಣಿಸೂದು ಇವರ ಮನಿತನದ ಕಸಬು. ಮೊದಲ ಕುರಿ ಎಣಸ್ತಿದ್ರು, ಈಗ ಹನಿ ಎಣಸ್ತಾರ."

ಹೊರಗೆ ಬಂದು ನಳದ ಕೆಳಗೆ ಕೈ ತೊಳೆದೆ, ಕೈಯಲ್ಲಿ ಏನೂ ಇರದಿದ್ದರೂ. ಹೌದು, ನಮ್ಮಪ್ಪ ಕುರಿ ಎಣಿಸುತ್ತಿದ್ದ. ಮುನ್ನೂರು ಕುರಿಯಲ್ಲಿ ಒಂದು ಕಮ್ಮಿಯಾದರೆ ಮಂದೆಯ ಸದ್ದಿನಿಂದಲೇ ಅವನಿಗೆ ಗೊತ್ತಾಗುತ್ತಿತ್ತು. ಈ ಮನುಷ್ಯ ಒಂದು ದಿನವೂ ಕೆರೆಗೆ ಇಳಿದವನಲ್ಲ. ಇವನ ವರದಿಯಲ್ಲಿ ಒಂದೇ ಒಂದು ತಪ್ಪು ಸಿಕ್ಕರೆ ಸಾಕು, ಇವನನ್ನು ಊರ ಮುಂದೆ ನಿಲ್ಲಿಸುತ್ತೇನೆ ಎಂದು ಅವತ್ತೇ ಶಪಥ ಮಾಡಿದೆ. ಅತ್ತೆಗೊಂದು ಕಾಲವಾದರೆ ಸೊಸೆಗೊಂದು ಕಾಲ.

ತಪ್ಪು ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ. ಆ ಕಂದು ಹೊಗೆ ತಲೆಯಲ್ಲಿ ಕೂತಿತ್ತು. ಹಳೆಯ ಪಠ್ಯಪುಸ್ತಕ ತೆಗೆದೆ. ಉಪ್ಪಿಗೆ ಡೈಕ್ರೋಮೇಟ್ ಮತ್ತು ಗಂಧಕಾಮ್ಲ ಸೇರಿದರೆ ಬರುವುದೇ ಆ ಹೊಗೆ. ಇಂಗಾಲ ತಿಂದ ಹಾಗೆಯೇ ಉಪ್ಪೂ ಡೈಕ್ರೋಮೇಟನ್ನು ತಿನ್ನುತ್ತದೆ. ಬ್ಯೂರೆಟ್ಟಿಗೆ ಎರಡರ ನಡುವಿನ ವ್ಯತ್ಯಾಸ ತಿಳಿಯದು. ಮೊರಬದ ಮಣ್ಣಿನಲ್ಲಿ ನಾವು ಇಂಗಾಲ ಎಂದು ಎಣಿಸಿದ್ದರಲ್ಲಿ ಎಷ್ಟು ಉಪ್ಪು?

ಕಪಾಟಿನಲ್ಲಿ ಕಂದು ಬಾಟಲಿಯೊಂದರಲ್ಲಿ ಸಿಲ್ವರ್ ನೈಟ್ರೇಟ್ ಒಂದಿಷ್ಟು ಉಳಿದಿತ್ತು. ಮಣ್ಣನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿ, ತಿಳಿ ತೆಗೆದು, ಒಂದು ಹನಿ ನೈಟ್ರಿಕ್ ಆಮ್ಲ, ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದೆ. ಉಪ್ಪಿದ್ದರೆ ನೀರು ಬೆಳ್ಳಗಾಗಬೇಕು. ಮೊರಬದ ತಿಳಿ ಮಜ್ಜಿಗೆಯಾಯಿತು. ತಂಬೂರದ ತಿಳಿ ಹಾಗೇ ಉಳಿಯಿತು. ಆ ದಿನ ನಾನು ಊಟ ಬಿಟ್ಟು ಹಾಡಿಕೊಂಡೆ.

ಆದರೆ ಉಪ್ಪಿದೆ ಎಂದರೆ ಸಾಲದು. ಉಪ್ಪು ತೆಗೆದ ಮೇಲೆ ಇಂಗಾಲ ಎಷ್ಟು ಉಳಿಯುತ್ತದೆ ಎಂದು ತೋರಿಸಬೇಕು. ಇಲ್ಲದಿದ್ದರೆ ಸಾಹೇಬರು, "ಇರಲಿ ಬಿಡ್ರಿ, ಸ್ವಲ್ಪ ಉಪ್ಪು," ಎಂದು ಜಾರಿಕೊಳ್ಳುತ್ತಾರೆ. ಹಾಗಾಗಿ ಮಣ್ಣು ತೊಳೆಯಲು ಕೂತೆ. ಸಾಹೇಬರು ಬರುವ ಮೊದಲು ಬೆಳಿಗ್ಗೆ ಎರಡು ತಾಸು, ಮತ್ತು ಭಾನುವಾರ ಪೂರ್ತಿ. ಗಾಜಿನ ಆಲಿಕೆಗೆ ಸೋಸುವ ಕಾಗದ ಮಡಿಸಿಟ್ಟು, ಮಣ್ಣು ಹಾಕಿ, ನೀರು ಬಿಡುವುದು. ಕೇಳಲು ಸುಲಭ. ಎರಡನೆಯ ಸಲ ನೀರು ಬಿಟ್ಟ ಕೂಡಲೇ ಕರಿಮಣ್ಣು ಊದಿ, ಅಂಟಾಗಿ, ಕಾಗದದ ರಂಧ್ರವನ್ನೆಲ್ಲ ಮುಚ್ಚಿತು. ಒಂದು ಹಗಲಿಗೆ ನಾಲ್ಕು ಹನಿ. ಬಂದ ಹನಿಯಲ್ಲೂ ಮಣ್ಣೇ ತೇಲುತ್ತಿತ್ತು. ಹನ್ನೊಂದು ಆಲಿಕೆ ಹೀಗೆ ಹಾಳಾದವು. ಸೋಸುವ ಕಾಗದ ಮುಗಿಯುತ್ತ ಬಂತು. ಸಿಟ್ಟಿಗೆ ಒಂದು ಬೀಕರನ್ನೂ ಒಡೆದೆ.

ಚೂರು ಗುಡಿಸುತ್ತ ಜವಾನ ಹೇಳಿದ, "ಬಾಯಾರ, ಸಿಟ್ಟಿನಾಗ ಕೊಯ್ದ ಮೂಗು ಆಮ್ಯಾಲ ಬೇಕಂದ್ರೂ ಬರೂದಿಲ್ಲ. ಸಾಹೇಬ್ರ ಮ್ಯಾಲಿನ ಸಿಟ್ಟ ಗಾಜಿನ ಮ್ಯಾಲ ಯಾಕ?"

"ಮೂಗು ಅವರದ್ದ ಕೊಯ್ಯೂದೈತಿ, ನನ್ನದಲ್ಲ," ಎಂದೆ. ಅವನು ತಲೆ ಅಲ್ಲಾಡಿಸಿ ಚೂರುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋದ.

ದಾರಿ ಹೊಳೆದದ್ದು ಬಸ್ಸಿನಲ್ಲಿ. ಸವಳು ಭೂಮಿಗೆ ರೈತರು ಜಿಪ್ಸಮ್ ಹಾಕುತ್ತಾರೆ. ಹಾಕಿದರೆ ಅಂಟು ಮಣ್ಣು ಕಾಳುಕಾಳಾಗಿ ಬಿಡಿಸಿಕೊಂಡು ನೀರು ಇಳಿಯುತ್ತದೆ. ಹೊಲದಲ್ಲಿ ಆಗುವುದು ಆಲಿಕೆಯಲ್ಲಿ ಯಾಕಾಗದು? ಜಿಪ್ಸಮ್ಮಿನಲ್ಲಿ ನಮ್ಮ ಲೆಕ್ಕ ಕೆಡಿಸುವ ಕ್ಲೋರೈಡೂ ಇಲ್ಲ, ಇಂಗಾಲವೂ ಇಲ್ಲ. ಭಟ್ಟಿ ನೀರಿನಲ್ಲಿ ಅದನ್ನು ಕರಗಿಸಿ, ತಿಳಿ ಸೋಸಿ, ಆ ನೀರಿನಿಂದ ತೊಳೆದೆ. ಮಣ್ಣು ಕೂತಿತು, ನೀರು ತಿಳಿಯಾಗಿ ಇಳಿಯಿತು. ಇಳಿದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರೆ ಬೆಳ್ಳಗಾಗುವುದು ನಿಲ್ಲುವವರೆಗೆ ತೊಳೆದೆ. ನನ್ನ ಬೆರಳ ತುದಿಗಳೆಲ್ಲ ಕಪ್ಪಾದವು. ಯುಗಾದಿಗೆ ಗುಡಗೇರಿಗೆ ಹೋದಾಗ ಅವ್ವ, "ಇದ್ಯಾವ ಮದರಂಗಿ ಬೇ?" ಎಂದು ಕೇಳಿದಳು.

ತೊಳೆಯುವಾಗ ಇಂಗಾಲವೇ ಹರಿದುಹೋಯಿತು ಎಂದು ಸಾಹೇಬರು ನೆಪ ಹೇಳಬಾರದಲ್ಲ? ಅದಕ್ಕೆ ತಂಬೂರದ ಮಣ್ಣನ್ನೂ ಅಷ್ಟೇ ಸಲ, ಅದೇ ನೀರಿನಿಂದ ತೊಳೆದೆ. ಒಣಗಿಸಿ, ಎರಡನ್ನೂ ಮತ್ತೆ ಬ್ಯೂರೆಟ್ಟಿಗೆ ತಂದೆ. ತಂಬೂರದ್ದು ಮೊದಲಿನಷ್ಟೇ ಬಂತು. ಮೊರಬದ ಫ್ಲಾಸ್ಕಿನಲ್ಲಿ ಹೊಗೆ ಏಳಲಿಲ್ಲ. ಅಂಕಿ ತಂಬೂರದ ಅರ್ಧಕ್ಕಿಂತ ಕೆಳಗೆ ಬಿತ್ತು. ಬಿರುಕಿನ ಪಕ್ಕದ ಮಣ್ಣಿನಲ್ಲಂತೂ ಇನ್ನೂ ಕಮ್ಮಿ. ಅಂದರೆ ಸಾಹೇಬರ ಮಾತು ತಲೆಕೆಳಗು. ಒದ್ದೆಯಿದ್ದಷ್ಟು ಕಾಲ ಕೆರೆ ಇಂಗಾಲ ಕೂಡಿಡುತ್ತದೆ. ಬರ ಬಂದು ಬಿರಿದ ಮೇಲೆ ಗಾಳಿ ಒಳಗಿಳಿದು, ಕೂಡಿಟ್ಟದ್ದನ್ನು ಸುಟ್ಟು, ಆಕಾಶಕ್ಕೆ ಬಿಟ್ಟುಬಿಡುತ್ತದೆ. ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಅವತ್ತು ಯುಗಾದಿ ಆಗಿ ಎಂಟನೆಯ ದಿನ.

ಕಾಕಾ ಹೇಳಿದ ದಿನ ಅದೇ ಎಂದು ನನಗೆ ಚೆನ್ನಾಗಿ ನೆನಪಿತ್ತು. ಉಪ್ಪಿನ ಗೋಡು ಎರೆಹೊಲಕ್ಕೆ ಬಿದ್ದರೆ ಏನಾಗುತ್ತದೆ ಎಂದೂ ಗೊತ್ತಿತ್ತು. ಬೀಜ ಮೊಳೆಯುವುದಿಲ್ಲ, ಮೊಳೆತದ್ದು ಸುಡುತ್ತದೆ, ಒಳ್ಳೆ ಮಳೆಗಳು ಬಂದು ಉಪ್ಪನ್ನು ಕೆಳಗಿಳಿಸುವವರೆಗೆ ವರ್ಷಗಟ್ಟಲೆ ಹಾಗೇ. ಕಾರ್ಡು ತಂದು ಬರೆದೆ. ಗೋಡು ಹಾಕಬೇಡಿರಿ, ಅದರಲ್ಲಿ ಉಪ್ಪಿದೆ, ಮೊದಲು ಹೇಳಿದ್ದು ತಪ್ಪು. ಕೆಳಗೆ ನನ್ನ ಹೆಸರು.

ಬರೆದು ಟಪಾಲು ಪೆಟ್ಟಿಗೆಯವರೆಗೆ ಹೋದೆ. ಅಲ್ಲಿ ನಿಂತು ಲೆಕ್ಕ ಹಾಕಿದೆ. ಮೊರಬದಲ್ಲಿ ರೈತರ ಸಭೆ ಹನ್ನೆರಡು ದಿನಕ್ಕಿತ್ತು. ಮೇಲಿನ ಅಧಿಕಾರಿ ಬರುತ್ತಾರೆ, ಸಾಹೇಬರು ವರದಿ ಓದುತ್ತಾರೆ. ಕಾರ್ಡನ್ನು ಊರಲ್ಲಿ ಹತ್ತು ಜನ ಓದಿ ಹೇಳುತ್ತಾರೆ. ಮಾತು ಎರಡೇ ದಿನಕ್ಕೆ ಅಣ್ಣಿಗೇರಿ ಮುಟ್ಟುತ್ತದೆ. ಸಾಹೇಬರು ವರದಿ ಹಿಂತೆಗೆದುಕೊಂಡು, ಉಪ್ಪನ್ನು ಕಂಡುಹಿಡಿದದ್ದು ತಾವೇ ಎಂದು ಮತ್ತೊಂದು ಟೈಪು ಮಾಡಿಸುತ್ತಾರೆ. ಅದರಲ್ಲೂ ನಾನು ಇರುವುದಿಲ್ಲ. ಕುರಿ ಎಣಿಸುವವಳ ಕೈಯಿಂದ ಎರಡನೆಯ ಸಲವೂ ಕಸಿದುಕೊಳ್ಳುತ್ತಾರೆ.

ರೈತರಾರಾದರೂ ಹೇಳಿದ ದಿನಕ್ಕೆ ಸರಿಯಾಗಿ ಎತ್ತು ಹೂಡಿದ್ದುಂಟೇ ಎಂದುಕೊಂಡೆ. ಚಕ್ಕಡಿಯ ಅಚ್ಚು ಮುರಿಯಬಹುದು, ಯಾರದೋ ಮದುವೆ ಬರಬಹುದು. ಉಳಿದವರು ಸಭೆಗೆ ಕಾಯುತ್ತಾರೆ, ಕಾಕಾ ಕೂಡ ಕಾಯಬಹುದು. ಕಾರ್ಡನ್ನು ಮಡಿಸಿ ಚೀಲದೊಳಗಿಟ್ಟುಕೊಂಡು ತಿರುಗಿ ಬಂದೆ. ಆ ಹನ್ನೆರಡು ದಿನ ನಾನು ಸಾಹೇಬರಿಗೆ ಎಂದೂ ಇಲ್ಲದಷ್ಟು ವಿನಯದಿಂದ ಚಹಾ ಕೊಟ್ಟೆ. ಅವರ ಕುತ್ತಿಗೆ ನೋಡಿದಾಗೆಲ್ಲ ಸಭೆಯ ದಿನ ಅದು ಹೇಗೆ ಬಾಗುತ್ತದೆ ಎಂದು ಯೋಚಿಸುತ್ತಿದ್ದೆ. ಅಷ್ಟು ಸುಖದ ದಿನಗಳು ಆ ನೌಕರಿಯಲ್ಲಿ ಬೇರೆ ಇರಲಿಲ್ಲ.

ಸಭೆ ಕೆರೆಯ ದಂಡೆಯ ಮೇಲಿನ ಬೇವಿನ ಮರಗಳ ಕೆಳಗೆ ನಡೆಯಿತು. ಎರಡು ಟ್ರ್ಯಾಕ್ಟರಿನ ನಡುವೆ ಜಮಖಾನ ಕಟ್ಟಿ ನೆರಳು ಮಾಡಿದ್ದರು. ಸಾಹೇಬರು ಭಂಡಾರ, ಭಂಡಾರ ಎಂದು ಐದಾರು ಸಲ ಹೇಳಿದರು. ಕೊನೆಗೆ, "ನಮ್ಮ ಲ್ಯಾಬಿನ ಬಾಯಾರು ಪ್ರಯೋಗ ತೋರಸ್ತಾರ," ಎಂದರು. ಜನರಿಗೆ ಬಣ್ಣ ಬದಲಾಗುವುದನ್ನು ತೋರಿಸಲು ಅವರೇ ನನಗೆ ಹೇಳಿದ್ದರು. ಯಾವ ಬಣ್ಣ ಎಂದು ಮಾತ್ರ ನಾನು ಹೇಳಿರಲಿಲ್ಲ.

ಎರಡು ಗಾಜಿನ ಲೋಟ ಮೇಜಿನ ಮೇಲಿಟ್ಟೆ. "ಇದು ತಂಬೂರ ಕೆರಿ ಮಣ್ಣ ತೊಳದ ನೀರು, ಇದು ನಿಮ್ಮ ಕೆರಿದು. ಎರಡೂ ತಿಳಿ ಅದಾವು, ನೋಡ್ರಿ," ಎಂದೆ. ಒಂದೊಂದಕ್ಕೂ ಹನಿ ಬಿಟ್ಟೆ. ತಂಬೂರದ ಲೋಟ ತಿಳಿಯಾಗೇ ನಿಂತಿತು. ಮೊರಬದ ಲೋಟ ತಳದವರೆಗೂ ಬೆಳ್ಳಗಾಯಿತು. ಮುಂದೆ ಕೂತವರು ಎದ್ದು ನಿಂತರು.

"ಇದೇನ್ರಿ, ಹಾಲ?" ಎಂದು ಯಾರೋ ಕೇಳಿದರು.

"ಉಪ್ಪ ರೀ," ಎಂದೆ. "ಸಾಹೇಬ್ರ ಭಂಡಾರ ಅಂದಿದ್ದು ಇದ. ಇಂಗಾಲ ಅಲ್ಲ, ಉಪ್ಪ ಎಣಿಸ್ಯಾರ. ಉಪ್ಪ ತೊಳದ ಮ್ಯಾಲ ನಿಮ್ಮ ಕೆರಿ ಮಣ್ಣಾಗ ತಂಬೂರದ ಅರ್ಧನೂ ಇಂಗಾಲ ಇಲ್ಲ. ಬರದಾಗ ಕೆರಿ ಬಿರದ ಮ್ಯಾಲ ಅದೆಲ್ಲ ಗಾಳೀಗೆ ಹೋಗೈತಿ. ಈ ಗೋಡ ಯಾರೂ ಹೊಲಕ್ಕ ಹಾಕಬ್ಯಾಡ್ರಿ." ತೊಳೆದ ಲೆಕ್ಕದ ಹಾಳೆಗಳನ್ನು ಮೇಲಿನ ಅಧಿಕಾರಿಯ ಕೈಗೇ ಕೊಟ್ಟೆ.

ಸಾಹೇಬರ ಮುಖದ ಬಣ್ಣ ಹೋಗಿತ್ತು. "ಇದನ್ನ ಮೊದಲ ಯಾಕ ಹೇಳಲಿಲ್ಲ ನೀವು?" ಎಂದು ಗದರಿದರು.

"ಹೊಗಿ ಬಂದಾಗ ಹೇಳಿದ್ನಲ್ರೀ ಸಾಹೇಬ್ರ. ಹೊಗಿ ನೋಡಾಕ ನನಗ ಪಗಾರ ಇಲ್ಲ ಅಂದ್ರಿ."

ದಂಡೆ ಪೂರ್ತಿ ನಕ್ಕಿತು. ಟ್ರ್ಯಾಕ್ಟರಿನ ಮೇಲೆ ಕೂತವರು ಬಾನೆಟ್ ಬಡಿದು ನಕ್ಕರು. ಮೇಲಿನ ಅಧಿಕಾರಿ ಹಾಳೆ ತಿರುವುತ್ತ, ಕೆರೆಗೆ ಇಳಿದು ಮಣ್ಣು ತೆಗೆದವರು ಯಾರು ಎಂದು ಸಾಹೇಬರನ್ನು ಕೇಳಿದರು. ಸಾಹೇಬರು ನನ್ನ ಕಡೆ ಕೈ ಮಾಡಬೇಕಾಯಿತು. ಅದನ್ನು ನಾನು ಕಣ್ಣು ತುಂಬ ನೋಡಿದೆ. ಇವತ್ತಿಗೂ ನೆನೆಸಿಕೊಂಡರೆ ಹಿತವಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆ ವರದಿ ರದ್ದಾಯಿತು, ಸಾಹೇಬರು ಮಳೆಗಾಲದೊಳಗೆ ಬೇರೆ ಕಡೆ ಹೋದರು, ಹೊಸ ವರದಿಯ ಮೊದಲ ಪುಟದಲ್ಲಿ ನನ್ನ ಹೆಸರು ಬಂತು.

ಜನ ಚದುರುತ್ತಿದ್ದಾಗ ಕಾಕಾ ಕಂಡರು. ಎಲ್ಲರ ಹಿಂದೆ, ಬೇವಿನ ಬೊಡ್ಡೆಗೆ ಕೈಕೊಟ್ಟು ನಿಂತಿದ್ದರು. ಅವರು ನಕ್ಕಿರಲಿಲ್ಲ. ನಾನು ಹತ್ತಿರ ಹೋದೆ. ಅವರು ದಂಡೆಯ ಇನ್ನೊಂದು ಬಾಜು ಇಳಿದು ನಡೆದರು, ನಾನು ಹಿಂದೆ ನಡೆದೆ. ಹೊಲದ ಬದುವಿನ ಮೇಲೆ ನಿಂತರು. ನಾಲ್ಕು ಎಕರೆಯಲ್ಲಿ ಮೂರರ ಮೇಲೆ ಎರೆಯ ಕಪ್ಪು ಕಾಣುತ್ತಿರಲಿಲ್ಲ. ಬೂದಿ ಬಣ್ಣದ ಗೋಡು ಅಂಚಿನಿಂದ ಅಂಚಿಗೆ ಒಂದೇ ಸಮ ಹರಡಿತ್ತು. ಅವರು ಯಾವ ಕೆಲಸವನ್ನೂ ಅರ್ಧಮರ್ಧ ಮಾಡುವವರಲ್ಲ.

"ಯಾವತ್ತ ಗೊತ್ತಾತ ತಂಗಿ ನಿನಗ, ಇದು?" ಎಂದು ಕೇಳಿದರು.

ನಿನ್ನೆ ಎನ್ನಬಹುದಿತ್ತು. ನಂಬುತ್ತಿದ್ದರು. ಸಾಹೇಬರಿಗೆ ಕೊಟ್ಟಂಥ ಉತ್ತರ ಇಲ್ಲಿ ಬಾಯಿಗೆ ಬರಲಿಲ್ಲ.

"ಹನ್ನೆರಡ ದಿನ ಆತ್ರಿ ಕಾಕಾ."

ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಇಟ್ಟುಕೊಂಡು ಅವರು ಎಣಿಸಿದರು. ಎರಡು ಸಲ ಎಣಿಸಿದರು.

"ಎಂಟ ದಿನಕ್ಕ ಹೂಡತೀನಿ ಅಂದಿದ್ನಿ. ಹೂಡಲಿಲ್ಲ. ನಾಲಿಗಿ ಒಂದ ಸವನ ಕಾಡಾಕ ಹತ್ತಿತ್ತು. ತಂಗಿದೇನರ ಕಾರ್ಡ ಬರತೈತೇನೋ ಅಂತ ಮತ್ತ ನಾಕ ದಿನ ತಡದ್ನಿ. ಪೋಸ್ಟಿನಾವ ಬಂದಾಗೆಲ್ಲ ಹೋಗಿ ಕೇಳಿದ್ನಿ. ಇಲ್ಲ ಅಂದ. ಹಂಗಾರ ಮಷೀನ ಖರೇ ಐತಿ ಅಂತ ಐದನೇ ದಿನ ಎತ್ತ ಹೂಡಿದ್ನಿ."

ನಾನು ಹೊಲದ ಕಡೆ ನೋಡಿದೆ.

"ಅವತ್ತ ನಿನಗ ಗೊತ್ತಿತ್ತು," ಎಂದರು.

"ಗೊತ್ತಿತ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬಳದ ತಗಿಯೂಣ್ರಿ ಕಾಕಾ. ಸಲಿಕಿ ಕೊಡ್ರಿ, ನಾನೂ ನಿಂದರತೀನಿ," ಎಂದೆ.

"ಎರಡ ಸರ್ತಿ ಕುಂಟಿ ಹೊಡದೇನಿ. ಎರಿ ಮಣ್ಣಾಗ ಎಲ್ಲಾ ಕೂಡಿ ಹೋಗೈತಿ," ಎಂದರು. ಬಗ್ಗಿ ಒಂದು ಹೆಂಟೆ ಎತ್ತಿಕೊಂಡು, ನಾಲಿಗೆಗೆ ಮುಟ್ಟಿಸದೆ, ಹಾಗೇ ಕೆಳಗಿಟ್ಟರು. ಹೊತ್ತು ನೆತ್ತಿಯ ಮೇಲಿತ್ತು, ಊಟದ ವೇಳೆ. ಅವರ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬದುವಿನವರೆಗೆ ಕೇಳುತ್ತಿತ್ತು.

"ನಡೀರಿ ಬಾಯಾರ," ಎಂದರು. "ನಿಮ್ಮ ಬಸ್ಸಿಗೆ ಹೊತ್ತಾತು."